ಬಾಣಂತಿಗೆ ನಿದ್ದೆ ಕೊಡಿ

ಎಲ್ಲರಿಗೂ ನಮಸ್ಕಾರ. ಬಚ್ಚಲ ಹಂಡೆಗೆ ಉರಿ ಹಾಕುತ್ತಾ ರೇಡಿಯೋ ಕೇಳುತ್ತಿರುವ ಅಮ್ಮಂದಿರೇ, ಅತ್ತೆಯರೇ, ತೋಟಕ್ಕೆ ಹೊರಟಿರುವ ಗಂಡಂದಿರೇ, ಈ ಮಾತು ನಿಮಗೇ. ಬಾಣಂತಿ ಮಲಗಿದ್ದರೆ ಎಬ್ಬಿಸಬೇಡಿ. ಇವತ್ತು ನಾನು ಹೇಳುವುದು ಒಂದೇ: ಅವಳಿಗೆ ನಿದ್ದೆ ಕೊಡಿ.

ನಮ್ಮ ಮಲೆನಾಡಿನಲ್ಲಿ ಬಾಣಂತನಕ್ಕೆ ಏನೂ ಕಮ್ಮಿ ಮಾಡುವುದಿಲ್ಲ. ಎಣ್ಣೆ ಹಚ್ಚಿ ನೀರು ಹಾಕುತ್ತೇವೆ, ಲೇಹ ಕೊಡುತ್ತೇವೆ, ಗಾಳಿ ಹೋಗದ ಹಾಗೆ ಕಿವಿಗೆ ಬಟ್ಟೆ ಕಟ್ಟುತ್ತೇವೆ. ಆದರೆ ನಿದ್ದೆ?

ಹೆರಿಗೆಯಾದ ಮೂರ್ನಾಲ್ಕು ದಿನಕ್ಕೆ ಸುಮ್ಸುಮ್ನೆ ಅಳು ಬರುತ್ತದೆ. ಹಾರ್ಮೋನು ಒಮ್ಮೆಲೇ ಇಳಿಯುತ್ತದೆ, ಅದಕ್ಕೆ. 2 ವಾರದೊಳಗೆ ತಾನಾಗಿ ಹೋಗುತ್ತದೆ. 2 ವಾರ ದಾಟಿಯೂ ಮುಖ ಬಾಡಿಯೇ ಇದ್ದರೆ, ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ಅದು ಕಾಯಿಲೆ, ಹೆರಿಗೆ ನಂತರದ ಖಿನ್ನತೆ. ಸೊಕ್ಕಲ್ಲ, ಸೋಮಾರಿತನವಲ್ಲ, ದೃಷ್ಟಿಯೂ ಅಲ್ಲ. ನಮ್ಮ ದೇಶದಲ್ಲಿ ಹೆಚ್ಚುಕಮ್ಮಿ ಐದು ಬಾಣಂತಿಯರಲ್ಲಿ ಒಬ್ಬರಿಗೆ ಬರುತ್ತದೆ.

ಹೊಸನಗರದ ಕಡೆಯ ಒಬ್ಬ ಹುಡುಗಿ ನೆನಪಾಗುತ್ತಾಳೆ. ಆಷಾಢದ ಮಳೆ, ಒಂಟಿ ಮನೆ, ಕರೆಂಟಿಲ್ಲ. ಮಗುವಿಗೆ ಒಂದೂವರೆ ತಿಂಗಳು. ಅವಳಮ್ಮ ನನ್ನ ಹತ್ತಿರ ಕರೆದುಕೊಂಡು ಬಂದಿದ್ದು ಯಾಕೆ ಗೊತ್ತಾ? ಟಾರ್ಚಿನ ಸೆಲ್ಲು ಎರಡೆರಡು ದಿನಕ್ಕೆ ಖಾಲಿಯಾಗುತ್ತಿದೆ ಅಂತ. ರಾತ್ರಿಯಿಡೀ ಇವಳು ಕಂಬಳಿ ಸರಿಸಿ ಟಾರ್ಚ್ ಹಿಡಿದು ಮಗುವಿನ ಹೊಟ್ಟೆ ನೋಡುತ್ತಾ ಕೂರುತ್ತಿದ್ದಳು, ಏರುತ್ತಿದೆಯಾ, ಇಳಿಯುತ್ತಿದೆಯಾ, ಉಸಿರು ನಿಂತುಬಿಟ್ಟರೆ ಏನು ಗತಿ ಅಂತ. ಹಗಲಾದರೆ ನೆಂಟರು. ಮಗು ಯಾರ ಹಾಗಿದೆ, ಹಾಲು ಸಾಕಾಗುತ್ತಾ ಅಂತೆಲ್ಲ ಕೇಳಿ ಕಾಫಿ ಕುಡಿದು ಹೋದರು. ನಿನ್ನೆ ನಿದ್ದೆ ಮಾಡಿದೆಯಾ ಅಂತ ಒಬ್ಬರೂ ಕೇಳಲಿಲ್ಲ. ಇಂಥದ್ದು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ.

ಗಂಡನನ್ನು ಕರೆಸಿದೆ. ನೋಡಪ್ಪಾ, ರಾತ್ರಿ 9ಕ್ಕೆ ಹಾಲು ಕೊಟ್ಟು ಇವಳು ಬೇರೆ ಕೋಣೆಯಲ್ಲಿ ಮಲಗುತ್ತಾಳೆ, 1 ಗಂಟೆವರೆಗೆ ಮಗು ನಿನ್ನದು, ನಡುವೆ ಅತ್ತರೆ ಹಿಂಡಿಟ್ಟ ಹಾಲನ್ನು ಒಳಲೆಯಲ್ಲಿ ಕುಡಿಸು ಅಂದೆ. "ಅಯ್ಯೋ, ಅಳಿಯಂದಿರು ಬಾಣಂತಿ ಕೋಣೆಗಾ ಡಾಕ್ಟ್ರೇ?" ಅಂದರು ಅವಳಮ್ಮ. ಆ ಹುಡುಗ ಮಾತಾಡಲಿಲ್ಲ. ಹೆಂಡತಿಯ ಚೀಲದಿಂದ ಟಾರ್ಚ್ ತೆಗೆದು ತನ್ನ ಜೇಬಿಗೆ ಹಾಕಿಕೊಂಡ. ಮಾತ್ರೆಯನ್ನೂ ಬರೆದುಕೊಟ್ಟೆ. ಮೊಲೆಹಾಲು ನಿಲ್ಲಿಸದೆ ತೆಗೆದುಕೊಳ್ಳುವ ಮಾತ್ರೆಗಳಿವೆ, ಹೆದರಬೇಡಿ. ತಿಂಗಳು ಬಿಟ್ಟು ಬಂದವಳು ಮಗುವನ್ನು ನನ್ನ ಮೇಜಿನ ಮೇಲೆ ಮಲಗಿಸಿ, ಈಗ ಇವನು ನಗುತ್ತಾನೆ, ನೋಡಿ ಅಂದಳು.

ಸಮಯವಾಯಿತು ಅಂತ ಸನ್ನೆ ಮಾಡುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಅಪ್ಪಂದಿರಿಗೂ ಈ ಕಾಯಿಲೆ ಬರುತ್ತದೆ, ಅವರಲ್ಲಿ ಅಳುವಿಗಿಂತ ಸಿಡುಕು ಜಾಸ್ತಿ. ಬಾಣಂತಿ ಯಾರದೋ ಧ್ವನಿ ಕೇಳುತ್ತಿದೆ ಅಂದರೆ, ಮನೆಯವರನ್ನೇ ಅನುಮಾನಿಸಿದರೆ, ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ, ಅವಳನ್ನಾಗಲಿ ಮಗುವನ್ನಾಗಲಿ ಒಂಟಿಯಾಗಿ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಕರೆತನ್ನಿ. ಮಳೆಗೆ ದಾರಿ ಕಟ್ಟಿದ್ದರೆ 108ಕ್ಕೆ ಫೋನ್ ಮಾಡಿ. ಸುಮ್ನೆ ಮಾತಾಡಿ ಹಗುರಾಗಬೇಕು ಅನ್ನಿಸಿದರೆ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರು 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ನಡುರಾತ್ರಿಯಲ್ಲೂ ಎತ್ತುತ್ತಾರೆ. ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು.

ಮತ್ತೆ, ಇವತ್ತು ರಾತ್ರಿ 9ರಿಂದ 1ರವರೆಗೆ ಮಗು ಯಾರ ಹತ್ತಿರ ಅಂತ ಊಟಕ್ಕೆ ಕೂತಾಗಲೇ ಮಾತಾಡಿಕೊಳ್ಳಿ. ನಮಸ್ಕಾರ.