ಮೊದಲ ಎರಡು ವಾಕ್ಯ

ಕೇಳುಗರಿಗೆ ನಮಸ್ಕಾರ.

ಭಾನುವಾರ ನಮ್ಮ ಮುಂಬಯಿ ಕಡೆಯ ಮಾಟುಂಗದಲ್ಲೋ ಡೊಂಬಿವಲಿಯಲ್ಲೋ ನಿಮ್ಮ ಸಂಘದ ವಾರ್ಷಿಕೋತ್ಸವ. "ಈ ಸಲ ವಂದನಾರ್ಪಣೆ ನಿಮ್ಮದೇ ಮಾರಾಯ್ರೆ" ಎಂದು ಕಾರ್ಯದರ್ಶಿಗಳು ಹೇಳಿ ಹೋಗಿದ್ದಾರೆ. ಅಂದಿನಿಂದ ನಿಮಗೆ ಊಟ ಸೇರುತ್ತಿಲ್ಲ. ನಿಮಗೆ ನಾನು ಹೇಳುವುದು ಒಂದೇ ಮಾತು: ಮೊದಲ ಎರಡು ವಾಕ್ಯ ಬಾಯಿಪಾಠ ಮಾಡಿ. ಎರಡೇ. ಇಡೀ ಭಾಷಣ ಬೇಡ. ಪೂರ್ತಿ ಉರು ಹೊಡೆದರೆ ನಡುವೆ ಒಂದು ಪದ ಜಾರಿದರೂ ಸರಪಳಿಯೇ ಕಳಚಿಬೀಳುತ್ತದೆ.

ಎದ್ದು ನಿಂತಾಗ ಮೈಯಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಉಕ್ಕುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಕೈ ನಡುಗುತ್ತದೆ. ಈ ಅಬ್ಬರ ಜೋರಾಗಿರುವುದು ಮೊದಲ ಒಂದೆರಡು ನಿಮಿಷ. ಆಗ ಹೊಸ ವಾಕ್ಯ ಕಟ್ಟಲು ತಲೆ ಒಪ್ಪುವುದಿಲ್ಲ; ನಾಲಿಗೆಗೆ ರೂಢಿಯಾದದ್ದಷ್ಟೇ ಹೊರಬರುತ್ತದೆ.

ಗಾಂಧೀಜಿಯವರನ್ನೇ ನೋಡಿ. 1888ರಲ್ಲಿ ಇಂಗ್ಲೆಂಡಿಗೆ ಹೊರಟಾಗ ರಾಜಕೋಟೆಯ ಶಾಲೆಯಲ್ಲಿ ಬೀಳ್ಕೊಡುಗೆ. ನಾಲ್ಕು ಮಾತು ಬರೆದುಕೊಂಡೇ ಹೋಗಿದ್ದರು. ಓದಲು ನಿಂತರೆ ತಲೆ ತಿರುಗಿತು, ಮೈಯೆಲ್ಲ ನಡುಗಿತು, ಮಾತು ತೊದಲಿತು. 1891ರಲ್ಲಿ ಬ್ಯಾರಿಸ್ಟರ್ ಆಗಿ ಮರಳಿದ ಮೇಲೆ ಇದೇ ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ, ಅಂದರೆ ಸಣ್ಣಪುಟ್ಟ ದಾವೆಗಳ ಕೋರ್ಟಿನಲ್ಲಿ, ಮೊದಲ ಕೇಸು, ಮಮೀಬಾಯಿ ಎಂಬುವರದು. ಶುಲ್ಕ 30 ರೂಪಾಯಿ. ಎದುರು ಪಕ್ಷದ ಸಾಕ್ಷಿಗಳನ್ನು ಪ್ರಶ್ನಿಸಬೇಕಿತ್ತು. ಎದ್ದರು. ತಮ್ಮ ತಲೆಯ ಜೊತೆ ಇಡೀ ಕೋರ್ಟೇ ಸುತ್ತುತ್ತಿದೆ ಅನಿಸಿತು. ಒಂದೇ ಒಂದು ಪ್ರಶ್ನೆ ಹೊಳೆಯಲಿಲ್ಲ. ಕೂತುಬಿಟ್ಟರು. ದುಡ್ಡು ವಾಪಸು ಕೊಡುತ್ತೇನೆ, ಬೇರೆಯವರನ್ನು ಗೊತ್ತುಮಾಡಿ ಎಂದರು. ಪಟೇಲ್ ಎಂಬ ವಕೀಲರು 51 ರೂಪಾಯಿಗೆ ಆ ಕೇಸು ನಡೆಸಿದರು. ಇದನ್ನೆಲ್ಲ ಗಾಂಧೀಜಿಯೇ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾರೆ. ಅದೇ ಗಾಂಧೀಜಿ 1893ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಭಾರತೀಯ ವರ್ತಕರ ಮುಂದೆ, ವ್ಯಾಪಾರದಲ್ಲಿ ಸತ್ಯ ಎಂಬ ವಿಷಯದ ಮೇಲೆ ಮಾತಾಡಿದರು. ತಕ್ಕಮಟ್ಟಿಗೆ ಸಿದ್ಧವಾಗಿ ಹೋಗಿದ್ದರು. ಬುದ್ಧಿಗೆ ಅವರಲ್ಲಿ ಎಂದೂ ಕೊರತೆಯಿರಲಿಲ್ಲ ಸ್ವಾಮಿ. ಅಂದು ಕೋರ್ಟಿನಲ್ಲಿ ಮೊದಲ ಪ್ರಶ್ನೆ ನಾಲಿಗೆಯ ತುದಿಯಲ್ಲಿ ಇರಬೇಕಿತ್ತು, ಅಷ್ಟೇ.

ಹಾಗಾಗಿ ಬರೆದಿಟ್ಟರೆ ಸಾಲದು, ಜೋರಾಗಿ ಹೇಳಬೇಕು. ನಿಂತುಕೊಂಡು, ದಿನಕ್ಕೆ ಹತ್ತು ಸಲ, ಐದು ದಿನ. ಮನೆ ಒಂದೇ ಕೋಣೆಯದಾದರೆ ಬಿಲ್ಡಿಂಗಿನ ಟೆರೇಸಿಗೆ ಹೋಗಿ. "ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ನಾವು ಕಾದಿದ್ದ ಸಂಜೆ ಇದು." ಇಷ್ಟು ಸಾಕು. ಗಣ್ಯರ ಹೆಸರಿನಿಂದ ಶುರುಮಾಡಬೇಡಿ, ಎಡವುವುದು ಅಲ್ಲೇ. ಹೆಸರುಗಳನ್ನು ಕಾರ್ಡಿನಲ್ಲಿ ಬರೆದುಕೊಳ್ಳಿ. ದೊಡ್ಡ ಹಾಳೆ ಬೇಡ. ಕೈ ಸ್ವಲ್ಪ ನಡುಗಿದರೂ ಅದು ಪಟಪಟ ಬಡಿದುಕೊಂಡು ಮೈಕಿನಲ್ಲಿ ಕೇಳಿಸುತ್ತದೆ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದವನ್ನು ಅಂಗೈಯಗಲ ಕತ್ತರಿಸಿ, ಖಾಲಿ ಬದಿಯಲ್ಲಿ ಸಾಲಿಗೊಂದು ಹೆಸರಿನಂತೆ ದಪ್ಪ ಅಕ್ಷರದಲ್ಲಿ ಬರೆಯಿರಿ.

ಸಮಯ ಓಡುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. ಭಾನುವಾರ ಲೋಕಲ್ ರೈಲಿಗೆ ಸಾಮಾನ್ಯವಾಗಿ ಮೆಗಾಬ್ಲಾಕ್, ಅಂದರೆ ಹಳಿ ದುರಸ್ತಿಗೆಂದು ಕೆಲವು ಗಂಟೆ ಸಂಚಾರ ತಡೆ, ಇರುತ್ತದೆ. ಸ್ಟೇಶನ್ನಿನ ಬ್ರಿಜ್ ಹತ್ತಿಳಿದು ಏದುಸಿರು ಬಿಡುತ್ತ ವೇದಿಕೆಗೆ ಹೋದರೆ ಹೆದರಿಕೆ ದುಪ್ಪಟ್ಟಾಗುತ್ತದೆ. ಅರ್ಧ ಗಂಟೆ ಮೊದಲೇ ಹೋಗಿ. ಹೆಸರು ಕರೆಯುವ ಮುನ್ನ ಕೂತಲ್ಲೇ, ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ, ಐದು ಸಲ. ಹೊರಬಿಡುವ ಉಸಿರು ಉದ್ದವಾದರೆ ಎದೆಬಡಿತ ಇಳಿಯುತ್ತದೆ. ಎರಡು ಗುಟುಕು ನೀರು ಕುಡಿಯಿರಿ, ಚಹಾ ಬೇಡ. ಮೈಕು ಬಾಯಿಂದ ಒಂದು ಗೇಣು ದೂರ, ಗಲ್ಲದ ಮಟ್ಟಕ್ಕೆ.

ಇನ್ನೊಂದು. "ನನಗೆ ಭಾಷಣ ಬರುವುದಿಲ್ಲ, ತಪ್ಪಿದ್ದರೆ ಕ್ಷಮಿಸಿ" ಎಂದು ದಯವಿಟ್ಟು ಆರಂಭಿಸಬೇಡಿ. ಹಾಗೆಂದ ಕೂಡಲೇ ಸಭೆ ತಪ್ಪು ಹುಡುಕಲು ಕೂರುತ್ತದೆ. ನಿಮ್ಮ ಎರಡು ವಾಕ್ಯ ಹೇಳಿ. ಮುಂದಿನದು ಮರೆತರೆ ಕಾರ್ಡು ನೋಡಿ, ಮೂರು ಸೆಕೆಂಡು ಸುಮ್ಮನಿರಿ. ನಿಮಗೆ ಅದು ಯುಗ ಅನಿಸುತ್ತದೆ, ಕೇಳುವವರಿಗೆ ಬರೀ ಒಂದು ಉಸಿರು. ನಮಸ್ಕಾರ.