ಒಂದೇ ರೈಲುದಾರಿ, ಮೂರು ಬಾಳು

ಹಿಂದೆ ಗೊರಗೊರ ಅಂತ ಕೇಳ್ತಿದೆಯಲ್ಲ, ಅದು ಗಾಳಿ. ಮೈಕಿಗೆ ಹಾಕುವ ತುಪ್ಪಳದ ಟೋಪಿಯನ್ನು ರೂಮಿನಲ್ಲೇ ಬಿಟ್ಟು ಬಂದಿದ್ದೆ. ದಿನವಿಡೀ ಕ್ಯಾಮೆರಾ ಮುಂದೆ ಬಾಯಿ ಬಡಿದುಕೊಂಡಿದ್ದೆಲ್ಲ ದಂಡ. ಈಗ ನೀವು ಕೇಳುತ್ತಿರುವುದು ರಾತ್ರಿ ವಾಪಸ್ ಬಂದು, ಕಿಟಕಿ ಮುಚ್ಚಿ ಕೂತು ಹೇಳಿದ್ದು. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯ್ತು. ನಡೆಯುವಾಗ ಅರ್ಧಂಬರ್ಧ ಅನಿಸಿದ್ದು ಈಗ ಸ್ವಲ್ಪ ಬಿಡಿಸಿ ಹೇಳಬಹುದು.

ಇದು ಪ್ಯಾರಿಸ್, ಬಾಸ್ಟಿಲ್ ಚೌಕ. ಆ ಗುಂಡನೆಯ ಗಾಜಿನ ಕಟ್ಟಡ ಒಪೆರಾ, ಅಂದರೆ ಸಂಗೀತನಾಟಕದ ರಂಗಮಂದಿರ. 1989ರಲ್ಲಿ ಉದ್ಘಾಟನೆಯಾಯ್ತು. ಅದಕ್ಕೂ ಮೊದಲು ಅದೇ ಜಾಗದಲ್ಲಿ ಒಂದು ರೈಲು ನಿಲ್ದಾಣ ಇತ್ತು. 1859ರಿಂದ 1969ರವರೆಗೆ, ನೂರಾ ಹತ್ತು ವರ್ಷ, ಇಲ್ಲಿಂದ ಪೂರ್ವದ ಊರುಗಳಿಗೆ ರೈಲು ಹೊರಡುತ್ತಿತ್ತು. ನಿಲ್ದಾಣ ಹೋಯ್ತು, ಹಳಿ ಹೋಯ್ತು, ದಾರಿ ಮಾತ್ರ ಉಳಿಯಿತು. ಇವತ್ತು ಆ ದಾರಿಯನ್ನು ಬಿಡದೆ ಹಿಡಿದು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಹೋಗುವುದು ನನ್ನ ಪ್ಲಾನ್.

ಮೆಟ್ಟಿಲು ಒಪೆರಾದ ಹಿಂದೆಯೇ ಇದೆ. ಆದರೂ ನಾನು ಎರಡು ಸಲ ದಾಟಿ ಹೋಗಿ ವಾಪಸ್ ಬಂದೆ. ರಸ್ತೆಯಿಂದ ನೋಡಿದರೆ ಮೇಲೆ ತೋಟ ಇದೆ ಅಂತ ಗೊತ್ತೇ ಆಗಲ್ಲ. ಕಾಣುವುದು ಇಟ್ಟಿಗೆಯ ಕಮಾನುಗಳ ಸಾಲು ಮಾತ್ರ. ರೈಲಿನ ಮೇಲ್ಸೇತುವೆಯ ಕಾಲುಗಳು ಅವು. ಒಂದೊಂದು ಕಮಾನಿಗೂ ಗಾಜು ಕೂರಿಸಿ ಕುಶಲಕರ್ಮಿಗಳಿಗೆ ಕೊಟ್ಟಿದ್ದಾರೆ. ಒಳಗೆ ಒಬ್ಬರು ತಲೆ ಬಗ್ಗಿಸಿ ಏನೋ ಉಜ್ಜುತ್ತಾ ಕೂತಿದ್ದರು. ಕ್ಯಾಮೆರಾ ನೋಡಿ ಕೈ ಬೀಸಿದರು, ಕೆಲಸ ನಿಲ್ಲಿಸಲಿಲ್ಲ.

ಮೆಟ್ಟಿಲು ಹತ್ತಿದ ಕೂಡಲೇ ಸದ್ದೇ ಬೇರೆ. ಕೆಳಗಿನ ಟ್ರಾಫಿಕ್ ಯಾರೋ ವಾಲ್ಯೂಮ್ ತಗ್ಗಿಸಿದ ಹಾಗೆ ಕೇಳುತ್ತದೆ. ಎರಡೂ ಕಡೆ ಗುಲಾಬಿ, ಲ್ಯಾವೆಂಡರ್, ಬಿದಿರು. ಪಕ್ಕದ ಮನೆಗಳ ಬಾಲ್ಕನಿ ನಮ್ಮ ಮಟ್ಟಕ್ಕೆ ಬರುತ್ತದೆ. ಒಬ್ಬ ಅಜ್ಜಿ ಗಿಡಕ್ಕೆ ನೀರು ಹಾಕುತ್ತಿದ್ದರು, ನಾನು ಅವರ ಮನೆಯೊಳಗೇ ನಡೆದು ಹೋದ ಹಾಗಾಯ್ತು. ಸ್ವಲ್ಪ ಮುಂದೆ ಒಂದು ಪೊಲೀಸ್ ಠಾಣೆ ಇದೆ. ಅದರ ತುದಿಯಲ್ಲಿ ದೈತ್ಯ ಗಂಡಸರ ಮೂರ್ತಿಗಳು ಸಾಲಾಗಿ ನಿಂತಿವೆ. ಮೈಕೆಲೇಂಜೆಲೊ ಕೆತ್ತಿದ ಸಾಯುತ್ತಿರುವ ಗುಲಾಮನ ನಕಲುಗಳು. ರಸ್ತೆಯಲ್ಲಿ ನಿಂತರೆ ಕತ್ತು ನೋಯುವಷ್ಟು ಮೇಲೆ ನೋಡಬೇಕು. ಇಲ್ಲಿಂದಾದರೆ ಹೆಚ್ಚುಕಡಿಮೆ ಎದುರುಬದುರು. ಪೊಲೀಸ್ ಠಾಣೆಗೆ ಇದೇ ಯಾಕೆ ಬೇಕಿತ್ತು ಅಂತ ಮಾತ್ರ ಕೇಳಬೇಡಿ.

ಹೆಸರು ಪ್ರೊಮ್ನಾದ್ ಪ್ಲಾಂತೆ. ಗಿಡ ನೆಟ್ಟ ನಡಿಗೆದಾರಿ ಅಂತ ಅರ್ಥ. ಉದ್ದ ಸುಮಾರು ನಾಲ್ಕೂವರೆ ಕಿಲೋಮೀಟರ್. ಪೂರ್ತಿ ತೆರೆದದ್ದು 1993ರಲ್ಲಿ. ಮೇಲ್ಸೇತುವೆ ಮೇಲಿನ ಪಾರ್ಕ್ ಅಂದ ಕೂಡಲೇ ಎಲ್ಲರೂ ನ್ಯೂಯಾರ್ಕಿನ ಹೈ ಲೈನ್ ಹೆಸರು ಹೇಳುತ್ತಾರೆ ಅಲ್ವಾ? ಅದರ ಮೊದಲ ಭಾಗ ತೆರೆದದ್ದು 2009ರಲ್ಲಿ. ಅಂದರೆ ಇದು ಅದಕ್ಕಿಂತ ಹದಿನಾರು ವರ್ಷ ಹಿರಿಯಕ್ಕ. ಹೆಸರು ಮಾತ್ರ ತಂಗಿಯದ್ದೇ ಜಾಸ್ತಿ.

ಇಲ್ಲಿ ಒಂದು ನಿಮಿಷ ನೆಲ ನೋಡಿ. ಹೂವಲ್ಲ, ನೆಲ. ಏನಾದರೂ ಏರು ಕಾಣುತ್ತಾ? ಇಲ್ಲ. ಒಂದು ಗಂಟೆ ನಡೆದೆ, ಒಮ್ಮೆಯೂ ಏದುಸಿರು ಬರಲಿಲ್ಲ. ಇದರ ಪುಣ್ಯ ಪಾರ್ಕ್ ಮಾಡಿದವರದ್ದಲ್ಲ, ರೈಲಿನದ್ದು. ಉಕ್ಕಿನ ಹಳಿ ಮೇಲೆ ಉಕ್ಕಿನ ಚಕ್ರ ಉರುಳುವಾಗ ಹಿಡಿತ ಕಡಿಮೆ. ನೂರು ಮೀಟರಿಗೆ ಒಂದೋ ಎರಡೋ ಮೀಟರ್ ಏರಿದರೂ ಹಳೆಯ ಉಗಿಬಂಡಿಗೆ ಅದು ದೊಡ್ಡ ಏರೇ. ಅದಕ್ಕೇ ಆಗಿನ ಎಂಜಿನಿಯರುಗಳು ತಗ್ಗಿನಲ್ಲಿ ಮಣ್ಣಿನ ಏರಿ ಕಟ್ಟಿದರು, ದಿಬ್ಬ ಬಂದರೆ ಕೊರೆದರು, ರಸ್ತೆ ಬಂದರೆ ಸೇತುವೆ ಹಾಕಿದರು. ಅವರು ರೈಲಿಗಾಗಿ ಪಟ್ಟ ಆ ಕಷ್ಟ ಇವತ್ತು ಗಾಲಿಕುರ್ಚಿಯವರಿಗೆ, ಮಗುವಿನ ತಳ್ಳುಗಾಡಿಯವರಿಗೆ, ನನ್ನ ಮಂಡಿಗೆ ಸಿಕ್ಕಿದೆ.

ಆದರೆ ನಿಜವಾದ ಆಸ್ತಿ ಅದೂ ಅಲ್ಲ. ಇಷ್ಟು ದೂರ ಬಂದೆ, ಒಂದು ಕಡೆ ಕೂಡ ದಾರಿ ತುಂಡಾಗಿಲ್ಲ. ತುಂಬಿದ ಊರಿನ ಮಧ್ಯೆ ಇಷ್ಟು ಉದ್ದದ ಜಾಗ ಒಂದೇ ಕೈಯಲ್ಲಿ ಇರುವುದು ಎಂಥ ಅಪರೂಪ! ಇವತ್ತು ಹೊಸದಾಗಿ ಬೇಕು ಅಂದರೆ ನೂರಾರು ಮಾಲೀಕರ ಬಾಗಿಲು ತಟ್ಟಬೇಕು, ಮನೆ ಒಡೆಯಬೇಕು, ಕೋರ್ಟು ಅಲೆಯಬೇಕು. ಹಳೆಯ ರೈಲುದಾರಿಯಲ್ಲಿ ಆ ಕೆಲಸ ನೂರೈವತ್ತು ವರ್ಷದ ಹಿಂದೆಯೇ ಮುಗಿದಿದೆ. ಆದರೆ ಮಧ್ಯದಲ್ಲಿ ಒಂದೇ ಒಂದು ಸೈಟ್ ಮಾರಿದರೆ ಸಾಕು, ಸರಪಳಿ ಕಡಿದ ಹಾಗೆ. ಹಾರದಲ್ಲಿ ಒಂದು ಮಣಿ ಕಳೆದರೆ ಪೋಣಿಸಿ ಸರಿಮಾಡಬಹುದು, ಇಲ್ಲಿ ಆಗಲ್ಲ.

ಅಮೆರಿಕದವರು ಇದಕ್ಕೆ ಒಂದು ಜಾಣ ಕಾನೂನು ಮಾಡಿಕೊಂಡಿದ್ದಾರೆ. 1983ರದ್ದು. ರೈಲ್‌ಬ್ಯಾಂಕಿಂಗ್ ಅನ್ನುತ್ತಾರೆ. ಅಲ್ಲಿ ಎಷ್ಟೋ ಕಡೆ ರೈಲು ಕಂಪನಿಗೆ ಇದ್ದದ್ದು ಜಾಗದ ಮೇಲೆ ಓಡಾಡುವ ಹಕ್ಕು ಮಾತ್ರ. ರೈಲು ಪೂರ್ತಿ ಕೈಬಿಟ್ಟರೆ ಜಾಗ ಅಕ್ಕಪಕ್ಕದವರ ಪಾಲಾಗಿ ಚೂರುಚೂರಾಗುತ್ತಿತ್ತು. ಹಾಗಾಗಿ ಕಾನೂನು ಹೇಳುವುದು ಇಷ್ಟು: ಇದನ್ನು ಕೈಬಿಟ್ಟಿಲ್ಲ, ಮುಂದೆ ಯಾವತ್ತಾದರೂ ರೈಲು ಬರಬಹುದು ಅಂತ ಎತ್ತಿಟ್ಟಿದ್ದೇವೆ, ಅಲ್ಲಿಯವರೆಗೆ ಜನ ನಡೆಯಲಿ. ಹೈ ಲೈನ್ ಉಳಿದದ್ದೂ ಈ ಕಾನೂನಿನ ಆಸರೆಯಲ್ಲೇ. ಅಲ್ಲಿ ಕೊನೆಯ ರೈಲು ಓಡಿದ್ದು 1980ರಲ್ಲಿ. ಅದು ಹೊತ್ತಿದ್ದು ಮೂರು ಬೋಗಿ ತಣ್ಣಗೆ ಗಟ್ಟಿಯಾದ ಟರ್ಕಿ ಕೋಳಿ. ಬೀಳ್ಕೊಡುಗೆ ಅಂದರೆ ಹೀಗಿರಬೇಕು.

ಈಗ ಡಿಸೆಂಬರ್ 14, 1969ಕ್ಕೆ ಬರೋಣ. ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ದಿನ. ಅವತ್ತು ಬಾಸ್ಟಿಲ್ ನಿಲ್ದಾಣ ಮುಚ್ಚಿತು. ಅಯ್ಯೋ ಪಾಪ ಅನ್ನಬೇಡಿ. ಅದೇ ಹೊತ್ತಿಗೆ ಇದೇ ಲೈನಿನ ಹೊರಗಿನ ಭಾಗ, ವ್ಯಾನ್ಸೆನ್‌ನಿಂದ ಬ್ವಾಸಿ ಸ್ಯಾನ್ ಲೆಜೆವರೆಗೆ, ಹೊಸ ಜನ್ಮ ಪಡೆಯಿತು. ಅದನ್ನು ಸುರಂಗದ ಮೂಲಕ ನಾಸಿಯೋಂ ನಿಲ್ದಾಣಕ್ಕೆ ಜೋಡಿಸಿ ಆರ್‌ಇಆರ್ ಎಂಬ ವೇಗದ ನಗರ ರೈಲು ಶುರು ಮಾಡಿದರು. ಇವತ್ತಿನ ಆರ್‌ಇಆರ್ ಎ ಲೈನಿನ ಮೊದಲ ತುಂಡು ಅದು. ಕೆಲಸದ ದಿನ ಆ ಲೈನಿನಲ್ಲಿ 10 ಲಕ್ಷಕ್ಕೂ ಹೆಚ್ಚು ಪ್ರಯಾಣ ಆಗುತ್ತದೆ. ಸುರಂಗ ಬೇರೆ ಕಡೆಯಿಂದ ಊರೊಳಗೆ ಹೋದ ಮೇಲೆ ಬಾಸ್ಟಿಲ್ ಕಡೆಯ ಈ ಮೂತಿ ಯಾರಿಗೂ ಬೇಡವಾಯ್ತು. ಬೇಡವಾದ ಆ ಮೂತಿಯೇ ನಾನು ನಡೆಯುತ್ತಿರುವ ತೋಟ. ಅಂದರೆ ಇಲ್ಲಿ ರೈಲು ಸತ್ತು ಪಾರ್ಕ್ ಹುಟ್ಟಲಿಲ್ಲ. ರೈಲು ಮೊದಲು ತನ್ನ ಜಾಗ ನೋಡಿಕೊಂಡಿತು, ಮಿಕ್ಕಿದ್ದು ಪಾರ್ಕಿಗೆ ಬಂತು.

ಇದು ರೊಯ್ಯಿ ಉದ್ಯಾನ. ಹುಲ್ಲಿನ ಮೇಲೆ ಒಂದು ಕಾಲುಸೇತುವೆ. ಕೆಳಗೆ ಒಂದು ನಲ್ಲಿ ಇದೆ, ಒತ್ತಿದರೆ ಬುರುಗು ಬರುವ ನೀರು. ಹೌದು, ಸೋಡಾ! ಪುಕ್ಕಟೆ! ಬಾಟಲಿ ತುಂಬಿಸಿ ಬ್ಯಾಗಿಗೆ ಹಾಕಿದೆ. ಮುಂದೆ ಮುಚ್ಚಳ ತೆಗೆದಾಗ ಅರ್ಧ ನೀರು ಶರ್ಟಿನ ಮೇಲೆ. ಆ ಕ್ಲಿಪ್ ಹಾಕಲ್ಲ.

ಬೆಂಚಿನ ಮೇಲೆ ಶರ್ಟ್ ಒಣಗಿಸುತ್ತಾ ಅಮೆರಿಕದ ಅಟ್ಲಾಂಟ ನಗರದ ಬಗ್ಗೆ ಯೋಚಿಸುತ್ತಿದ್ದೆ. 1999ರಲ್ಲಿ ರಯಾನ್ ಗ್ರಾವೆಲ್ ಎಂಬ ವಿದ್ಯಾರ್ಥಿ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ಒಂದು ಐಡಿಯಾ ಬರೆದ. ಊರಿನ ಸುತ್ತ ಹಳೆಯ ರೈಲುದಾರಿಗಳಿವೆ, ಜೋಡಿಸಿದರೆ 35 ಕಿಲೋಮೀಟರಿನ ಉಂಗುರ ಆಗುತ್ತದೆ, ಅದರ ಮೇಲೆ ಟ್ರಾಮ್ ಓಡಿಸೋಣ ಅಂತ. ಗಮನಿಸಿ, ಮೂಲ ಐಡಿಯಾ ಟ್ರಾಮ್. ಅದು ಬೆಲ್ಟ್‌ಲೈನ್ ಅಂತ ಹೆಸರಾಯ್ತು. 2012ರಲ್ಲಿ ಪೂರ್ವದ ಕಡೆ ನಡಿಗೆದಾರಿ ತೆರೆಯಿತು. ಜನ ಮುಗಿಬಿದ್ದರು. ಸುತ್ತ ಅಪಾರ್ಟ್‌ಮೆಂಟು ಎದ್ದವು, ಬಾಡಿಗೆ ಏರಿತು. ಕಡಿಮೆ ಸಂಬಳದವರ ಮನೆಗಳ ಬಗ್ಗೆ ಸಾಕಷ್ಟು ಕೆಲಸ ಆಗುತ್ತಿಲ್ಲ ಅಂತ 2016ರಲ್ಲಿ ಗ್ರಾವೆಲ್ ಅವರೇ ಬೆಲ್ಟ್‌ಲೈನ್ ಸಂಸ್ಥೆಯ ಮಂಡಳಿಯಿಂದ ಹೊರಬಂದರು. ಟ್ರಾಮ್? 2025ರಲ್ಲಿ ಮೇಯರ್ ಪೂರ್ವದ ಟ್ರಾಮ್ ಯೋಜನೆಯಿಂದ ಹಿಂದೆ ಸರಿದರು.

ಇದು ಅಟ್ಲಾಂಟದ್ದೇ ಕಥೆಯಲ್ಲ. ಮೊದಲು ನಡಿಗೆದಾರಿ ಮಾಡೋಣ, ದುಡ್ಡು ಬಂದಾಗ ರೈಲು ತರೋಣ ಅನ್ನುವುದು ಕೇಳೋಕೆ ಚೆಂದ. ಆದರೆ ಹತ್ತು ವರ್ಷ ನಡೆದ ಮೇಲೆ ಜನ ಆ ಮರ, ಆ ನೆರಳಿಗೆ ಒಗ್ಗಿಬಿಡುತ್ತಾರೆ. ಆಮೇಲೆ ರೈಲು ಅಂದರೆ ಮನೆಗೆ ಹೊಸಬರು ಬಂದು ಸೋಫಾ ಮೇಲೆ ಮಲಗಿದ ಹಾಗೆ. ಅಮೆರಿಕದ್ದೇ ಇನ್ನೊಂದು ರಾಜ್ಯ ಮೇರಿಲ್ಯಾಂಡಿನಲ್ಲಿ ಹಾಗೇ ಆಯ್ತು. 1988ರಲ್ಲಿ ಕೌಂಟಿ ಆಡಳಿತ ಒಂದು ಹಳೆಯ ಲೈನನ್ನು ಕೊಂಡಾಗಲೇ ಇಲ್ಲಿ ರೈಲು ಮತ್ತು ನಡಿಗೆದಾರಿ ಎರಡೂ ಬರುತ್ತವೆ ಅಂತ ಇತ್ತು. ನಡಿಗೆದಾರಿ ಮೊದಲು ಬಂತು. 2017ರಲ್ಲಿ ಪರ್ಪಲ್ ಲೈನ್ ಎಂಬ ಲಘು ರೈಲಿಗಾಗಿ ದಾರಿ ಮುಚ್ಚಿದಾಗ ಅದಕ್ಕೆ ಮೊದಲೇ ವರ್ಷಗಟ್ಟಲೆ ವಿರೋಧ, ಕೋರ್ಟು ಎಲ್ಲ ಆಗಿತ್ತು. ವಿರೋಧಿಸಿದವರದ್ದು ತಪ್ಪು ಅನ್ನಲಾರೆ. ದಿನಾ ನಡೆಯುವ ದಾರಿಯ ಮರ ಉರುಳಿಸಿದರೆ ನಾನೂ ಹೋಗಿ ಎದುರು ನಿಲ್ಲುತ್ತಿದ್ದೆನೇನೋ.

ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ 1962ರಿಂದ ಖಾಲಿ ಬಿದ್ದ ಒಂದು ಲೈನ್ ಇದೆ. ಅಲ್ಲಂತೂ ಎರಡು ಬಣ. ಒಬ್ಬರಿಗೆ ಪಾರ್ಕ್ ಬೇಕು, ಇನ್ನೊಬ್ಬರಿಗೆ ಪಾರ್ಕಿನ ಜೊತೆಗೆ ಸಬ್‌ವೇ, ಅಂದರೆ ಮೆಟ್ರೋ ರೈಲು ಬೇಕು. ನನ್ನ ಓಟು ಎರಡನೆಯವರಿಗೆ. ಪಾರ್ಕ್ ಬೇಡ ಅಂತಲ್ಲ. ಗಿಡ ನೆಡೋಕೆ ಊರಲ್ಲಿ ಬೇರೆ ಜಾಗ ಹೇಗೋ ಹುಡುಕಬಹುದು, ರೈಲು ಓಡುವಷ್ಟು ನೇರ, ಉದ್ದ ಜಾಗ ಇನ್ನೊಂದು ಸಿಗಲ್ಲ.

ಎರಡೂ ಆಗುತ್ತೆ ಅನ್ನುವುದಕ್ಕೆ ದಕ್ಷಿಣ ಕೊರಿಯಾದ ಸಿಯೋಲ್ ನಗರ ನೋಡಿ. ಅಲ್ಲಿನ ಗ್ಯೋಂಗಿ ಲೈನ್ ಊರನ್ನು ಎರಡು ಭಾಗ ಮಾಡಿತ್ತು. ಅದನ್ನು ನೆಲದಡಿಗೆ ಇಳಿಸಿದರು. ಮೇಲೆ ಖಾಲಿಯಾದ ಪಟ್ಟಿಯಲ್ಲಿ 6.3 ಕಿಲೋಮೀಟರ್ ಉದ್ದದ ಪಾರ್ಕ್ ಬಂತು, 2016ರಲ್ಲಿ ಪೂರ್ತಿಯಾಯ್ತು. ಕೆಳಗೆ ರೈಲು, ಮೇಲೆ ಹುಲ್ಲು. ಇದು ದುಬಾರಿ ದಾರಿ, ಎಲ್ಲರ ಕೈಗೆ ಎಟುಕಲ್ಲ, ನಿಜ.

ಸರಿ, ಮುಂದೆ ನಡೆಯೋಣ. ರೊಯ್ಯಿ ದಾಟಿದ ಮೇಲೆ ದಾರಿಯ ಗುಣವೇ ಬದಲು. ಇಷ್ಟು ಹೊತ್ತು ಮನೆಗಳ ಮಹಡಿ ಮಟ್ಟದಲ್ಲಿದ್ದೆ. ಈಗ ರಸ್ತೆ ಮಟ್ಟ. ಇನ್ನು ಸ್ವಲ್ಪದರಲ್ಲಿ ರಸ್ತೆಗಿಂತ ಕೆಳಗೆ. ದಾರಿ ಇಳಿದಿಲ್ಲ, ಊರೇ ಏರಿದೆ. ಸುರಂಗ ಬರುತ್ತದೆ, ಒಳಗೆ ತಣ್ಣಗೆ, ಗೋಡೆಯಿಂದ ನೀರು ಜಿನುಗುವ ವಾಸನೆ. ಹೊರಗೆ ಬಂದರೆ ಎರಡೂ ಕಡೆ ಐವಿ ಬಳ್ಳಿ ತಬ್ಬಿದ ಇಳಿಜಾರು. ಇಲ್ಲಿ ಟೂರಿಸ್ಟುಗಳು ಕಡಿಮೆ, ಓಡುವವರು ಜಾಸ್ತಿ. ನನಗೆ ಮೇಲಿನ ಗುಲಾಬಿಗಿಂತ ಈ ಹಳ್ಳವೇ ಹಿಡಿಸಿತು.

ನೋಡೋಕೆ ಹಸಿರು, ಆದರೆ ಹಳೆಯ ರೈಲುದಾರಿಯ ಮಣ್ಣು ಅಷ್ಟು ಮುಗ್ಧ ಅಲ್ಲ. ಹಳಿ ಕೆಳಗೆ ಅಡ್ಡ ಹಾಕುವ ಮರದ ಸ್ಲೀಪರ್ ಕೊಳೆಯದಿರಲಿ ಅಂತ ಕ್ರಿಯೋಸೋಟ್ ಎಂಬ ಡಾಂಬರಿನಂಥ ಎಣ್ಣೆ ಕುಡಿಸುತ್ತಿದ್ದರು. ಕಳೆ ಬರದಿರಲಿ ಅಂತ ಎಷ್ಟೋ ಕಡೆ ಆರ್ಸೆನಿಕ್ ಇರುವ ವಿಷ ಹೊಡೆಯುತ್ತಿದ್ದರು. ಜೊತೆಗೆ ಕಲ್ಲಿದ್ದಲ ಬೂದಿ, ಗ್ರೀಸು. ಹಾಗಾಗಿ ಜನರನ್ನು ಬಿಡುವ ಮೊದಲು ಆ ಮಣ್ಣು ತೆಗೆಯಬೇಕು, ಇಲ್ಲಾ ಮೇಲೆ ಒಳ್ಳೆಯ ಮಣ್ಣು ಹೊದಿಸಬೇಕು. ಹೈ ಲೈನ್‌ನ ತಮಾಷೆ ಕೇಳಿ. ಹಳಿ ನಡುವೆ ತಾನಾಗಿ ಬೆಳೆದ ಕಾಡುಹೂವು ನೋಡಿ ಜನ ಮರುಳಾದರು, ಅದಕ್ಕೇ ಹೋರಾಡಿದರು. ಪಾರ್ಕ್ ಮಾಡುವಾಗ ಮೊದಲು ಕಿತ್ತಿದ್ದು ಅದನ್ನೇ. ಹಳಿಗಳಿಗೆ ಗುರುತು ಹಾಕಿ ಎತ್ತಿಟ್ಟು, ಜಲ್ಲಿಯೆಲ್ಲ ಬಗೆದು, ಕಾಂಕ್ರೀಟ್ ಸರಿಮಾಡಿ, ಕೆಲವು ಹಳಿ ವಾಪಸ್ ಇಟ್ಟು, ಹೊಸದಾಗಿ ಗಿಡ ನೆಟ್ಟರು. ಕಾಡಿನ ಹಾಗೆ ಕಾಣುವ ತೋಟ ಅದು, ಕಾಡಲ್ಲ. ಬರ್ಲಿನ್ನಿನ ಸುಡ್‌ಗೆಲೆಂಡೆ ಇದಕ್ಕೆ ತದ್ವಿರುದ್ಧ. 1952ರಲ್ಲಿ ನಿಂತುಹೋದ ರೈಲು ಯಾರ್ಡಿನಲ್ಲಿ ಬೆಳೆದ ಕಾಡನ್ನು ಹಾಗೇ ಬಿಟ್ಟು, ಅದರ ಒಂದು ಭಾಗದಲ್ಲಿ ಕಬ್ಬಿಣದ ಎತ್ತರದ ದಾರಿ ಹಾಕಿದರು. ನೀವು ಮೇಲೆ ನಡೆಯಿರಿ, ಮಣ್ಣಿಗೆ ಕಾಲಿಡಬೇಡಿ. ನನಗೆ ಅದೇ ಸರಿ ಅನಿಸುತ್ತದೆ.

ಇದು ಕೊನೆ. ವರ್ತುಲ ರಸ್ತೆಯ ಗದ್ದಲ ಕೇಳುತ್ತಿದೆ, ಒಂದು ಸುರುಳಿ ಮೆಟ್ಟಿಲು ಮೇಲಕ್ಕೆ ಹೋಗುತ್ತದೆ. ಪಾರ್ಕ್ ಇಲ್ಲಿಗೆ ಮುಗಿಯಿತು, ಲೈನ್ ಮುಗಿದಿಲ್ಲ. ಕಾಡಿನ ಅಂಚಿನಲ್ಲಿ ನಡೆದು ವ್ಯಾನ್ಸೆನ್ ನಿಲ್ದಾಣಕ್ಕೆ ಬಂದೆ. ಕೆಂಪು ಅಕ್ಷರದ ಎ ಬೋರ್ಡು. ಬ್ವಾಸಿ ಕಡೆಯ ರೈಲು ಹತ್ತಿದೆ.

ಕೂತ ಮೇಲೆ ಗೊತ್ತಾಯ್ತು. ಬೆಳಿಗ್ಗೆಯಿಂದ ನಡೆದದ್ದೂ, ಈಗ ಕೆಳಗೆ ಗಡಗಡ ಅನ್ನುತ್ತಿರುವುದೂ ಒಂದೇ ದಾರಿ. ಎದುರು ಸೀಟಿನ ಹುಡುಗ ಸ್ಕೂಲ್ ಬ್ಯಾಗ್ ತಬ್ಬಿಕೊಂಡು ನಿದ್ದೆ ಹೋಗಿದ್ದ. ಮಾರ್ನ್ ನದಿ ದಾಟುವಾಗ ಬಿಸಿಲು ಅವನ ಮುಖದ ಮೇಲೆ ಬಿತ್ತು, ಆದರೂ ಏಳಲಿಲ್ಲ.

ಬ್ವಾಸಿಯಲ್ಲಿ ರೈಲು ನಿಂತಿತು, ಎಲ್ಲರೂ ಇಳಿದರು. ಹಳೆಯ ಲೈನ್ ಇಲ್ಲಿಂದಲೂ ಮುಂದೆ ಹಳ್ಳಿಗಳ ಕಡೆ ಹೋಗುತ್ತಿತ್ತು. ಬ್ರೀ ಸೀಮೆಯ ರೈತರು ಬೆಳೆದ ಗುಲಾಬಿ ಈ ರೈಲಿನಲ್ಲೇ ಪ್ಯಾರಿಸ್ಸಿಗೆ ಬರುತ್ತಿತ್ತು. ಆ ದೂರದ ತುಂಡಿನಲ್ಲಿ ಈಗ ಸೈಕಲ್ ದಾರಿ ಇದೆ, ಶಮ್ಯಾನ್ ದೆ ರೋಜ್, ಗುಲಾಬಿಗಳ ಹಾದಿ. ನನ್ನ ಹತ್ತಿರ ಸೈಕಲ್ ಇರಲಿಲ್ಲ, ಕ್ಯಾಮೆರಾದಲ್ಲಿ ಇದ್ದದ್ದು 4 ಪರ್ಸೆಂಟ್ ಬ್ಯಾಟರಿ. ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ ಬೇಲಿಯಾಚೆಗಿನ ಪೊದೆಗಳನ್ನು ಇಷ್ಟೇ ಇಷ್ಟು ಶೂಟ್ ಮಾಡಿದೆ. ಅಷ್ಟರಲ್ಲಿ ಆಫ್ ಆಯ್ತು.