ಸದನದ ನಡವಳಿಯಲ್ಲಿ ನಮ್ಮ ಊರಿನವರ ಹೆಸರು

ಕೇಳುಗರಿಗೆ ನಮಸ್ಕಾರ.

ವಿಧಾನಮಂಡಲದ ಅಧಿವೇಶನ ಆರಂಭವಾದಾಗ, ಉಳಿದ ಕಲಾಪಗಳಿಗೆ ತೊಡಗುವ ಮೊದಲು, ಹಿಂದಿನ ಅಧಿವೇಶನದ ಬಳಿಕ ಅಗಲಿದ ಗಣ್ಯರಿಗೆ ಸದನವು ಸಂತಾಪ ಸೂಚಿಸುತ್ತದೆ. ವಿಧಾನಸಭೆಯಲ್ಲಿ ಸಭಾಧ್ಯಕ್ಷರು, ವಿಧಾನಪರಿಷತ್ತಿನಲ್ಲಿ ಸಭಾಪತಿಗಳು ಮೃತರ ಹುಟ್ಟು, ವಿದ್ಯಾಭ್ಯಾಸ, ಸೇವೆಗಳ ವಿವರವನ್ನು ಓದುತ್ತಾರೆ. ಸಭಾನಾಯಕರು, ವಿರೋಧ ಪಕ್ಷದ ನಾಯಕರು ಮತ್ತು ಮೃತರನ್ನು ಹತ್ತಿರದಿಂದ ಬಲ್ಲ ಸದಸ್ಯರು ಮಾತನಾಡುತ್ತಾರೆ. ಬಳಿಕ ಸದನವೇ ಎದ್ದು ನಿಂತು ಮೌನ ಆಚರಿಸುತ್ತದೆ. ಹಾಲಿ ಸದಸ್ಯರೇ ನಿಧನರಾಗಿದ್ದರೆ ಅವರ ಗೌರವಾರ್ಥ ಕಲಾಪವನ್ನು ಮುಂದೂಡುವ ವಾಡಿಕೆಯೂ ಇದೆ. ಪಕ್ಷಭೇದವಿಲ್ಲದೆ, ಯಾರೂ ಅಡ್ಡ ಮಾತನಾಡದೆ ನಡೆಯುವ ಈ ಹೊತ್ತು ನನಗೆ ಬಹಳ ಬೆಲೆಯುಳ್ಳದ್ದಾಗಿ ತೋರುತ್ತದೆ.

ನಮ್ಮ ಕರಾವಳಿಯಿಂದ ಹೋಗಿ ಸದನದಲ್ಲಿ ಕುಳಿತವರ ವಿವರವನ್ನು ಕಲೆಹಾಕುವುದು ಕಷ್ಟವಲ್ಲ. 1962ರಲ್ಲಿ ಸಭಾಧ್ಯಕ್ಷ ಪೀಠವನ್ನೇರಿದ ವೈಕುಂಠ ಬಾಳಿಗರಂಥವರ ಜೀವನವೃತ್ತಾಂತ ಸಚಿವಾಲಯದ ಕಡತಗಳಲ್ಲೇ ಸಿಗುತ್ತದೆ. ಅವರ ಹೆಸರಿನ ಕಾನೂನು ಕಾಲೇಜು ಉಡುಪಿಯಲ್ಲಿದೆ. ಆದರೆ ಸದನವು ಗೌರವಿಸುವುದು ಜನಪ್ರತಿನಿಧಿಗಳನ್ನು ಮಾತ್ರವಲ್ಲ; ಸಾಹಿತಿಗಳು, ಕಲಾವಿದರು, ಸಮಾಜಸೇವಕರ ಹೆಸರೂ ಅಲ್ಲಿ ಬರುತ್ತದೆ. ತೊಡಕಿರುವುದು ಇಲ್ಲಿಯೇ. ಇಂಥವರ ಬಗ್ಗೆ ಓದುವ ಮಾತು ಒಂದೆರಡು ವಾಕ್ಯಕ್ಕೆ ಇಳಿದುಬಿಟ್ಟರೆ, 'ತುಂಬಲಾರದ ನಷ್ಟ' ಎಂಬ ಮಾತು ಯಾರಿಗೂ ಹೊಂದುತ್ತದೆ, ಯಾರನ್ನೂ ಗುರುತಿಸುವುದಿಲ್ಲ.

2019ರ ಅಕ್ಟೋಬರ್ 11ರಂದು ನಮ್ಮನ್ನಗಲಿದ ಕದ್ರಿ ಗೋಪಾಲನಾಥರನ್ನು ನೆನೆಯೋಣ. 'ಪದ್ಮಶ್ರೀ ಪುರಸ್ಕೃತ ಸ್ಯಾಕ್ಸೋಫೋನ್ ವಾದಕರು' ಎಂದರೆ ತಪ್ಪಿಲ್ಲ, ಆದರೆ ಅಷ್ಟರಲ್ಲಿ ಅವರು ಕಾಣುವುದೂ ಇಲ್ಲ. ಬಂಟ್ವಾಳ ತಾಲೂಕಿನ ಸಜಿಪಮೂಡದ ನಾಗಸ್ವರ ವಾದಕರ ಮಗನೊಬ್ಬ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡ ಪಾಶ್ಚಾತ್ಯ ವಾದ್ಯಕ್ಕೆ ಮನಸೋತು, ಕರ್ನಾಟಕ ಸಂಗೀತದ ಗಮಕಗಳು ಅದರಲ್ಲಿ ನುಡಿಯುವಂತೆ ವರ್ಷಗಟ್ಟಲೆ ಸಾಧನೆ ಮಾಡಿ, ಸಾಂಪ್ರದಾಯಿಕ ಕಚೇರಿ ವೇದಿಕೆಯಲ್ಲಿ ಅದಕ್ಕೊಂದು ಸ್ಥಾನ ದೊರಕಿಸಿದರು ಎಂದು ಹೇಳಿದಾಗ, ಅವರನ್ನು ಎಂದೂ ಕೇಳದ ಬೀದರಿನ ಸದಸ್ಯರಿಗೂ ಕಳೆದುಕೊಂಡದ್ದೇನೆಂದು ಅರ್ಥವಾದೀತು. 2023ರ ಜನವರಿಯಲ್ಲಿ ತೀರಿಕೊಂಡ ಸಾರಾ ಅಬೂಬಕ್ಕರ್ ಅವರ ಬಗೆಗೂ ಹೀಗೆಯೇ: 'ಹಿರಿಯ ಲೇಖಕಿ' ಎಂದು ನಿಲ್ಲಿಸದೆ, ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ನೆಲೆಸಿದ ಅವರು ಮುಸ್ಲಿಂ ಹೆಣ್ಣುಮಕ್ಕಳ ಬದುಕನ್ನು ಒಳಗಿನಿಂದ ಕಂಡು ಕನ್ನಡದಲ್ಲಿ ಬರೆದರು ಎನ್ನಬೇಕು.

ಇಷ್ಟು ಪಟ್ಟು ಹಿಡಿಯುವುದೇಕೆಂದರೆ, ಸದನದಲ್ಲಿ ಆಡಿದ ಮಾತು ನಡವಳಿಯಲ್ಲಿ, ಅಂದರೆ ಕಲಾಪದ ಅಧಿಕೃತ ವರದಿಯಲ್ಲಿ, ದಾಖಲಾಗುತ್ತದೆ. ಪತ್ರಿಕೆಯ ಶ್ರದ್ಧಾಂಜಲಿ ಕೆಲವು ದಿನಗಳಲ್ಲಿ ರದ್ದಿಗೆ ಸೇರಬಹುದು, ನಡವಳಿ ಹಾಗಲ್ಲ. ಐವತ್ತು ವರ್ಷಗಳ ಮೇಲೆ ಒಬ್ಬ ಸಂಶೋಧಕ ಅದನ್ನು ತೆರೆದಾಗ, ಊರಿನ ಹೆಸರು, ಗುರುವಿನ ಹೆಸರು, ಮಾಡಿದ ಕೆಲಸ ಸರಿಯಾಗಿದ್ದರೆ ಮಾತ್ರ ಆ ಗೌರವ ಇನ್ನೊಬ್ಬರಿಗೆ ಉಪಯೋಗವಾಗುತ್ತದೆ. ಹುಟ್ಟಿದೂರೇ ತಪ್ಪಾಗಿ ಮುದ್ರಣವಾದರೆ ಮನೆಯವರಿಗಾಗುವ ನೋವನ್ನು ಹೇಳಬೇಕಾಗಿಲ್ಲ.

ಶಾಸಕರಿಗೆ ಎಲ್ಲವೂ ತಿಳಿದಿರಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ಯಕ್ಷಗಾನ ಮೇಳದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಆಯುಷ್ಯ ಕಳೆದ ಬಣ್ಣದ ವೇಷಧಾರಿ, ತುಳುವಿನ ಜನಪದ ಕಥನಗೀತೆಗಳಾದ ಪಾಡ್ದನಗಳನ್ನು ಬಾಯಿಪಾಠವಾಗಿ ಉಳಿಸಿಕೊಂಡು ಬಂದ ಅಜ್ಜಿ, ಊರಿಗೊಂದು ಶಾಲೆ ಬೇಕೆಂದು ಮನೆಮನೆ ತಿರುಗಿದ ಮೇಷ್ಟ್ರು: ಇವರ ವಿವರ ಗೊತ್ತಿರುವುದು ಆಯಾ ಊರಿನವರಿಗೆ. ಆದ್ದರಿಂದ ನಿಮ್ಮಲ್ಲಿ ಅಂಥವರೊಬ್ಬರು ತೀರಿಕೊಂಡರೆ, ಉತ್ತರಕ್ರಿಯೆ ಮುಗಿದ ಮೇಲೆ ಮನೆಯವರ ಒಪ್ಪಿಗೆ ಪಡೆದು, ಹುಟ್ಟಿದ ಹಾಗೂ ನಿಧನರಾದ ದಿನಾಂಕ, ಊರು, ಕಲಿತ ಗುರು, ಮಾಡಿದ ಕೆಲಸ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ನಿಮ್ಮ ಶಾಸಕರ ಕಚೇರಿಗೆ ತಲುಪಿಸಿ. ಮುಂದಿನ ಅಧಿವೇಶನಕ್ಕೆ ಸಾಕಷ್ಟು ಮೊದಲೇ ತಲುಪಿಸಿ. ಹೆಸರುಗಳ ಉಚ್ಚಾರ ತಪ್ಪದಂತೆ ಬಿಡಿಸಿ ಬರೆಯಿರಿ.

ನಮಸ್ಕಾರ.